ಜದಿ ತಿಂಗಳು 1391 ಅಂದ್ರೆ ಯಾವ ವರ್ಷ?

ಅಫ್ಘಾನಿಸ್ತಾನದಿಂದ ಬಂದ ನಿರಾಶ್ರಿತರು ಇರುವ ಇಂಡೋನೇಷ್ಯಾದ ಚಿಸರುವಾಗೆ ಮೊದಲ ಸಲ ಹೋದಾಗ ನನ್ನ ಕೈಯಲ್ಲಿ ಎರಡು ದೊಡ್ಡ ಚೀಲಗಳಿದ್ದವು. ಒಂದರಲ್ಲಿ ನಮ್ಮ ಮಕ್ಕಳ ಹಳೇ ಬಟ್ಟೆ, ಇನ್ನೊಂದರಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು. ಬಾಗಿಲು ತೆಗೆದವಳು ಹದಿಮೂರು ಹದಿನಾಲ್ಕು ವರ್ಷದ ಹುಡುಗಿ. ಚೀಲಗಳನ್ನು ಒಳಗಿಟ್ಟು, ನನಗೆ ಚಹಾ ಕೊಟ್ಟು, ಆಮೇಲೆ ಕೇಳಿದಳು: "ಖಾಲಾ, ನೀವು ಮಂಗಳವಾರ ಬರ್ತೀರಾ? ಮಂಗಳವಾರ ಇಂಗ್ಲಿಷ್ ಕ್ಲಾಸಿಗೆ ಯಾರೂ ಇಲ್ಲ." ಖಾಲಾ ಅಂದ್ರೆ ಚಿಕ್ಕಮ್ಮ. ಬಟ್ಟೆಯ ಬಗ್ಗೆ ಅವಳು ಏನೂ ಹೇಳಲಿಲ್ಲ. ಇದು 2016ರ ಸೆಪ್ಟೆಂಬರ್. ಇಂಡೋನೇಷ್ಯಾದಲ್ಲಿ ನಾನಿದ್ದ ಮೂರು ಚಿಲ್ಲರೆ ವರ್ಷದಲ್ಲಿ ಏನೇನು ಮಾಡಿದೆನೋ ಅದೆಲ್ಲ ಶುರುವಾಗಿದ್ದು ಆ ಮಂಗಳವಾರದಿಂದ.

ಯಾರ ಹೆಸರನ್ನೂ ಬರೆಯುತ್ತಿಲ್ಲ. ಅವರ ಮನೆಯವರು, ನೆಂಟರು ಇನ್ನೂ ಅಫ್ಘಾನಿಸ್ತಾನದಲ್ಲಿದ್ದಾರೆ. ಕೆಲವು ವಿವರಗಳನ್ನು ಬೇಕಂತಲೇ ಬದಲಿಸಿದ್ದೇನೆ. ಆದರೆ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತೇವೆ ಅನ್ನುವುದನ್ನು ಇದ್ದ ಹಾಗೇ ಹೇಳುತ್ತೇನೆ. ಇಂಥ ಕೆಲಸಕ್ಕೆ ಸೇರಬೇಕು ಅಂತಿರುವವರು ಆಗಾಗ ನನಗೆ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಒಂದೇ ಸಲ ಎಲ್ಲ ಬರೆದುಬಿಡೋಣ ಅನ್ನಿಸಿತು.

ಗಂಡನ ಕೆಲಸದ ಮೇಲೆ ನಾವು ಜಕಾರ್ತಾಗೆ ಹೋಗಿದ್ದು. ಚಿಸರುವಾ ಅಲ್ಲಿಂದ ದಕ್ಷಿಣಕ್ಕೆ, ಬೋಗೋರ್ ದಾಟಿ, ಪುಂಚಾಕ್ ಘಟ್ಟ ಹತ್ತುವ ದಾರಿಯಲ್ಲಿ ಸಿಗುತ್ತದೆ. ಚಹಾ ತೋಟ, ಚಳಿ, ದಿನಾ ಮಳೆ. ಜಕಾರ್ತಾದ ಜನ ಶನಿವಾರ ಭಾನುವಾರ ತಂಪಿಗೆ ಅಂತ ಅಲ್ಲಿಗೆ ಹೋಗುತ್ತಾರೆ. ವಾಹನ ಎಷ್ಟು ಜಾಸ್ತಿ ಅಂದರೆ ಪೊಲೀಸರು ಇಡೀ ರಸ್ತೆಯನ್ನು ಸ್ವಲ್ಪ ಹೊತ್ತು ಹತ್ತುವವರಿಗೆ, ಸ್ವಲ್ಪ ಹೊತ್ತು ಇಳಿಯುವವರಿಗೆ ಬಿಡುತ್ತಾರೆ, ಅದಕ್ಕೆ ಅಲ್ಲಿ ಬುಕಾ-ತುತುಪ್ ಅನ್ನುತ್ತಾರೆ, ತೆಗೆ-ಮುಚ್ಚು ಅಂತ ಅರ್ಥ. ಈ ರಸ್ತೆಯಿಂದ ಒಳಗೆ ಇಳಿಯುವ ಸಣ್ಣ ಸಣ್ಣ ಓಣಿಗಳಲ್ಲಿ ಬಾಡಿಗೆ ಕಮ್ಮಿ. ಅದಕ್ಕೇ ಅಲ್ಲಿ ಆಶ್ರಯ ಕೋರಿ ಬಂದವರು ವರ್ಷಗಟ್ಟಲೆ ಇದ್ದಾರೆ. ಹಜಾರಾ ಜನ ಜಾಸ್ತಿ. ಅಫ್ಘಾನಿಸ್ತಾನದ ಶಿಯಾ ಅಲ್ಪಸಂಖ್ಯಾತರು ಅವರು.

ಇಂಡೋನೇಷ್ಯಾ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅದಕ್ಕೆ ಪೂರಕವಾದ 1967ರ ಒಪ್ಪಂದಕ್ಕೂ ಇಲ್ಲ. ಹಾಗಂತ ಬಂದವರನ್ನು ಸಾಮಾನ್ಯವಾಗಿ ಹಿಂದೆ ಅಟ್ಟುವುದೂ ಇಲ್ಲ. ಯುಎನ್‌ಎಚ್‌ಸಿಆರ್, ಅಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಕಚೇರಿಗೆ ಹೋಗಿ ನೋಂದಾಯಿಸಿಕೊಳ್ಳಬಹುದು, ಒಂದು ಕಾರ್ಡು ಸಿಗುತ್ತದೆ, ಅಲ್ಲಿಂದಾಚೆ ಕಾಯುವುದು. 2016ರ ಕೊನೆಯ ದಿನ ಅಧ್ಯಕ್ಷರು 125ನೇ ನಿಯಮಕ್ಕೆ ಸಹಿ ಹಾಕಿದರು. ಸಮುದ್ರದಲ್ಲಿ ಸಿಕ್ಕಿದವರನ್ನು ಕಾಪಾಡುವುದು, ಉಳಿಯಲು ಜಾಗ ನೋಡುವುದು, ಯಾವ ಇಲಾಖೆ ಏನು ಮಾಡಬೇಕು ಅನ್ನುವುದೆಲ್ಲ ಅದರಲ್ಲಿ ಬಂತು. ದುಡಿಯುವ ಹಕ್ಕು ಬರಲಿಲ್ಲ. ಇಲ್ಲೇ ನೆಲೆಯೂರುವ ದಾರಿಯೂ ಬರಲಿಲ್ಲ. ಇಂಥದ್ದಕ್ಕೆ ಟ್ರಾನ್ಸಿಟ್ ದೇಶ ಅಂತಾರೆ, ನಡುದಾರಿಯ ದೇಶ. ಬಸ್ ಸ್ಟ್ಯಾಂಡಿನ ಹಾಗೆ, ಬಂದು ಹೋಗುವ ಜಾಗ ಅಂತ ಆ ಹೆಸರು ಕೇಳಿದರೆ ಅನ್ನಿಸುತ್ತದೆ. ಆದರೆ ಆ ಬಸ್ ಸ್ಟ್ಯಾಂಡಿನಲ್ಲೇ ಮಕ್ಕಳು ಹುಟ್ಟಿ ನಡೆಯಲು ಕಲಿತು ಓದಲು ಕಲಿತದ್ದನ್ನು ನಾನು ನೋಡಿದ್ದೇನೆ.

ಬಂದವರಲ್ಲಿ ಎಷ್ಟೋ ಜನ ಹೊರಟಿದ್ದು ಆಸ್ಟ್ರೇಲಿಯಾಗೆ. 2013ರ ಸೆಪ್ಟೆಂಬರ್‌ನಿಂದ ಆಸ್ಟ್ರೇಲಿಯಾ ದೋಣಿಗಳನ್ನು ಸಮುದ್ರದಲ್ಲೇ ತಡೆದು ಹಿಂದಕ್ಕೆ ಕಳಿಸತೊಡಗಿತು. ಸರಿ, ದೋಣಿ ಬೇಡ, ಕಚೇರಿಯ ಮೂಲಕ ಕ್ರಮವಾಗಿ ಹೋಗೋಣ ಅಂತ ಕಾದವರಿಗೆ 2014ರ ನವೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. 2014ರ ಜುಲೈ 1 ಅಥವಾ ಆಮೇಲೆ ಜಕಾರ್ತಾದಲ್ಲಿ ಯುಎನ್‌ಎಚ್‌ಸಿಆರ್‌ನಲ್ಲಿ ನೋಂದಾಯಿಸಿಕೊಂಡವರನ್ನು ತಾವು ಕರೆಸಿಕೊಳ್ಳುವುದಿಲ್ಲ ಅಂತ ಆಸ್ಟ್ರೇಲಿಯಾ ಹೇಳಿತು. ನವೆಂಬರ್‌ನಲ್ಲಿ ಹೇಳಿದ್ದು ಜುಲೈನಿಂದ ಲಾಗೂ! ಆ ಹುಡುಗಿಯ ಅಪ್ಪ ನೋಂದಾಯಿಸಿಕೊಂಡದ್ದು ಆಗಸ್ಟ್ ಮಧ್ಯದಲ್ಲಿ. ಆರು ವಾರ ತಡ. ಆ ದಿನ ಸಾಲಿನಲ್ಲಿ ನಿಂತಾಗ ಅಂಥದ್ದೊಂದು ಗೆರೆ ಇದೆ ಅಂತ ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಆ ಗೆರೆಯನ್ನು ಇನ್ನೂ ಎಳೆದೇ ಇರಲಿಲ್ಲ.

ಅವರು ದರ್ಜಿ. ಕೆಲಸ ಮಾಡುವ ಹಾಗಿಲ್ಲದ್ದರಿಂದ ಉಳಿತಾಯ ಕರಗಿಸಿಕೊಂಡು, ಆಮೇಲೆ ಭಾವಮೈದುನ ಕಳಿಸುವ ಹಣದಲ್ಲಿ ಬದುಕುತ್ತಿದ್ದರು. ಮನೆಯಲ್ಲಿ ಐದು ಜನ. ಒಂದು ಕೋಣೆ, ಒಂದು ಅಡುಗೆಮನೆ. ಶಾಲೆಯ ಮಕ್ಕಳ ಅಂಗಿಗೆ ಗುಂಡಿ ಹಾಕುವುದು, ಬ್ಯಾಗು ಹೊಲಿಯುವುದು, ಪರದೆ ಹೊಲಿಯುವುದು ಎಲ್ಲ ಪುಕ್ಕಟೆಯಾಗಿ ಅವರೇ ಮಾಡುತ್ತಿದ್ದರು. ಈ ಶಾಲೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. 2014ರಲ್ಲಿ ಚಿಸರುವಾದ ನಿರಾಶ್ರಿತರೇ ಸೇರಿ ಮೊದಲ ಕಲಿಕಾ ಕೇಂದ್ರ ತೆಗೆದರು, ಆಮೇಲೆ ಅದನ್ನು ನೋಡಿ ಇನ್ನೂ ಹಲವು ಬಂದವು. ಮೇಷ್ಟ್ರೂ ಅವರೇ, ಹೆಡ್‌ಮಾಸ್ಟರೂ ಅವರೇ, ಕಸ ಗುಡಿಸುವವರೂ ಅವರೇ. ನನ್ನಂಥವರು ಅಲ್ಲಿ ವಾರಕ್ಕೆರಡು ದಿನ ಬರುವ ಅತಿಥಿ, ಅಷ್ಟೇ. ನಾವು ಅವರಿಗೆ ಶಾಲೆ ಮಾಡಿಕೊಟ್ಟೆವು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನನಗೆ ಬರುತ್ತಿದ್ದ ಒಂದು ವಿಷಯ ಅಲ್ಲಿ ತುಂಬಾ ಉಪಯೋಗಕ್ಕೆ ಬಂತು. ನಾನು ಬೀದರ್ ಕಡೆ ಬೆಳೆದವಳು, ಓಣಿಯಲ್ಲಿ ಉರ್ದು ಕೇಳಿಕೊಂಡೇ ದೊಡ್ಡವಳಾದೆ. ಆ ಹಜಾರಾ ಕುಟುಂಬಗಳಲ್ಲಿ ಅರ್ಧಕ್ಕೂ ಜಾಸ್ತಿ ಜನ ಪಾಕಿಸ್ತಾನದ ಕ್ವೆಟ್ಟಾದಲ್ಲಿ ವರ್ಷಾನುಗಟ್ಟಲೆ ಇದ್ದು ಬಂದವರು. ಅವರಿಗೆ ಉರ್ದು ಬರುತ್ತದೆ. ಹೀಗೆ ಮೂರನೇ ತಿಂಗಳಿಗೆಲ್ಲ ಒಬ್ಬ ವಕೀಲೆ ನನ್ನನ್ನು ಕೇಳಿದರು, ಇಂಟರ್‌ವ್ಯೂಗೆ ಹೋಗುವವರ ಹೇಳಿಕೆ ಬರೆದುಕೊಳ್ಳಲು ಬರ್ತೀಯಾ ಅಂತ. ಅವರು ಇಂಡೋನೇಷ್ಯಾದವರು, ನಿರಾಶ್ರಿತರಿಗೆ ಉಚಿತವಾಗಿ ಕಾನೂನು ಸಹಾಯ ಮಾಡುತ್ತಿದ್ದರು. ಒಂದು ದಿನದ ತರಬೇತಿ ಕೊಟ್ಟರು. ಕೆಲವು ಕಾಗದಗಳನ್ನು ಓದಲು ಕೊಟ್ಟರು. ಕೇಳಿದ್ದನ್ನು ಮನೆಯಲ್ಲೂ ಹೇಳುವುದಿಲ್ಲ ಅಂತ ಸಹಿ ಮಾಡಿಸಿಕೊಂಡರು.

ಯುಎನ್‌ಎಚ್‌ಸಿಆರ್ ಕಚೇರಿಯ ಈ ಇಂಟರ್‌ವ್ಯೂಗೆ ಅಲ್ಲಿ ಎಲ್ಲರೂ ಆರ್‌ಎಸ್‌ಡಿ, ಅಂದರೆ ನಿರಾಶ್ರಿತ ಸ್ಥಾನದ ನಿರ್ಧಾರ, ಅನ್ನುತ್ತಾರೆ. ಇದರಲ್ಲೇ ತೀರ್ಮಾನ ಆಗುವುದು, ನೀವು ನಿರಾಶ್ರಿತರು ಹೌದೋ ಅಲ್ಲವೋ ಅಂತ. ಅಲ್ಲಿಯವರೆಗೆ ನೀವು ಆಶ್ರಯ ಕೋರಿದವರು, ಅಷ್ಟೇ. ನಿಮ್ಮ ದೇಶಕ್ಕೆ ವಾಪಸ್ ಹೋದರೆ ಜೀವಕ್ಕೆ ಅಪಾಯ ಇದೆ ಅನ್ನುವ ಭಯಕ್ಕೆ ಗಟ್ಟಿ ಆಧಾರ ಇರಬೇಕು. ಆ ಅಪಾಯ ನಿಮ್ಮ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ನೀವು ಸೇರಿದ ಒಂದು ಸಾಮಾಜಿಕ ಗುಂಪು, ಈ ಐದರಲ್ಲಿ ಯಾವುದರಿಂದಾದರೂ ಬಂದಿರಬೇಕು. ಬಡತನ ಕಾರಣ ಅಲ್ಲ. ಯುದ್ಧ ಆಗ್ತಿದೆ ಅಂತ ಸುಮ್ನೆ ಹೇಳಿದರೆ ಸಾಲದು, ಆ ಯುದ್ಧ ನಿಮ್ಮನ್ನೇ ಯಾಕೆ ಹುಡುಕಿಕೊಂಡು ಬರುತ್ತದೆ ಅಂತ ಹೇಳಬೇಕು. ಆಮೇಲೆ ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ: ನಿಮ್ಮ ಊರು ಬಿಟ್ಟು ಕಾಬೂಲ್‌ಗೆ ಹೋಗಿ ಇರಬಹುದಿತ್ತಲ್ಲ, ಯಾಕೆ ಹೋಗಲಿಲ್ಲ? ಇದಕ್ಕೆ ಉತ್ತರ ಎಲ್ಲರ ಹತ್ತಿರವೂ ಇರುತ್ತದೆ. ಆದರೆ ಇದನ್ನು ಕೇಳುತ್ತಾರೆ ಅಂತ ಗೊತ್ತಿಲ್ಲದೆ ಹೋದವರು ಆ ಕ್ಷಣಕ್ಕೆ ಕಕ್ಕಾಬಿಕ್ಕಿಯಾಗುತ್ತಾರೆ.

ಹೇಳಿಕೆ ಬರೆಯುವುದು ಅಂದರೆ ಏನು ಅಂತ ನಾನು ತಪ್ಪು ತಿಳಿದುಕೊಂಡಿದ್ದೆ. ಕತೆಯನ್ನು ಚೆಂದ ಮಾಡಿ, ಮನ ಕರಗುವ ಹಾಗೆ ಬರೆಯಬೇಕು ಅಂದುಕೊಂಡಿದ್ದೆ. ವಕೀಲೆ ನನ್ನ ಮೊದಲ ಕರಡನ್ನು ಓದಿ ಅರ್ಧದಷ್ಟು ಹೊಡೆದು ಹಾಕಿದರು. "ಇದು ಅವರ ಮಾತಾ, ನಿನ್ನ ಮಾತಾ?" ಅಂತ ಕೇಳಿದರು. ನೆನಪಿಲ್ಲ ಅಂದರೆ ನೆನಪಿಲ್ಲ ಅಂತಲೇ ಬರೆಯಬೇಕು. ಸುಮಾರು ಅಂದರೆ ಸುಮಾರು. ಅವರು ಹೇಳದ ಒಂದು ವಿಶೇಷಣವನ್ನೂ ಸೇರಿಸಬಾರದು. ಇಂಟರ್‌ವ್ಯೂನಲ್ಲಿ ಅವರು ಅದೇ ಮಾತನ್ನು ತಮ್ಮ ಬಾಯಿಂದ ಹೇಳುವಾಗ, ನಾನು ಸೇರಿಸಿದ ಪದ ಅವರ ಬಾಯಲ್ಲಿ ಇರುವುದಿಲ್ಲ. ಆಗ ಎದುರಿಗೆ ಕೂತವರಿಗೆ ಅನುಮಾನ ಬರುತ್ತದೆ. ನನ್ನ ಒಳ್ಳೆಯ ಭಾಷೆಯಿಂದ ಅವರ ನಿಜಕ್ಕೆ ಪೆಟ್ಟು ಬೀಳುತ್ತದೆ.

2017ರ ಜನವರಿ, ಫೆಬ್ರವರಿಯಲ್ಲಿ ಆ ದರ್ಜಿಯವರ ಹೇಳಿಕೆ ಬರೆದುಕೊಂಡೆ. ಒಟ್ಟು ಐದು ಸಲ ಕೂತೆವು. ಮಕ್ಕಳು ಶಾಲೆಯಲ್ಲಿದ್ದಾಗ ಮಾತ್ರ, ಯಾಕೆಂದರೆ ಅಪ್ಪ ಹೇಳುವುದನ್ನು ಮಕ್ಕಳು ಕೇಳಿಸಿಕೊಳ್ಳಬಾರದು. ಅವರ ಹೆಂಡತಿಯ ಹೇಳಿಕೆ ಬೇರೆ, ಬೇರೆ ದಿನ. ದರ್ಜಿಯವರು ನನ್ನನ್ನು ಖ್ವಾಹರ್ ಅನ್ನುತ್ತಿದ್ದರು, ಅಕ್ಕ-ತಂಗಿ ಅನ್ನುವ ಅರ್ಥದಲ್ಲಿ. ಮೊದಲ ಸಲ ಅವರು ಮೂರು ಗಂಟೆ ಕೂತು ಹೊಲಿಗೆ ಅಂಗಡಿಯ ಬಗ್ಗೆ ಮಾತ್ರ ಹೇಳಿದರು. ಎಷ್ಟು ಮಿಷನ್ನು, ಯಾವ ಕಡೆ ಕಿಟಕಿ, ಯಾರು ಕತ್ತರಿಸುತ್ತಿದ್ದರು, ಯಾರು ಹೊಲಿಯುತ್ತಿದ್ದರು. ನಾನು ಮಧ್ಯೆ ತಡೆಯಲಿಲ್ಲ. ಎರಡನೇ ಸಲ ಅದೇ ಅಂಗಡಿಯಿಂದ ಮಾತು ಶುರುವಾಗಿ ತಾನಾಗಿಯೇ ತಮ್ಮನ ಹತ್ತಿರ ಬಂತು.

ದರ್ಜಿಯವರು ಹುಟ್ಟಿದ್ದು ಅಫ್ಘಾನಿಸ್ತಾನದ ಗಜನಿ ಪ್ರಾಂತ್ಯದ ಜಾಘೋರಿಯಲ್ಲಿ. ಚಿಕ್ಕಂದಿನಲ್ಲೇ ಕ್ವೆಟ್ಟಾಗೆ ಬಂದರು. ಅಣ್ಣತಮ್ಮ ಇಬ್ಬರೂ ಸೇರಿ ಅಂಗಡಿ ಇಟ್ಟರು. ಕ್ವೆಟ್ಟಾದ ಅಲಮ್ದಾರ್ ರಸ್ತೆಯ ಬಾಂಬ್ ಸ್ಫೋಟದಲ್ಲಿ ತಮ್ಮ ಹೋದ. ಮೊದಲು ಒಂದು ಬಾಂಬು, ಜನ ಓಡಿ ಬಂದು ಗಾಯಾಳುಗಳನ್ನು ಎತ್ತುವಾಗ ಇನ್ನೊಂದು. ತಮ್ಮ ಎರಡನೆಯದರಲ್ಲಿ. ಅದಾದ ಮೇಲೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು, ಇನ್ನು ಹುಟ್ಟಿದೂರೇ ಗತಿ ಅಂತ ಜಾಘೋರಿಗೆ ವಾಪಸ್ ಹೋದರು. ಆದರೆ ಜಾಘೋರಿ ಒಂದು ದ್ವೀಪ ಇದ್ದ ಹಾಗೆ. ಒಳಗೆ ಹಜಾರಾಗಳೇ, ಶಾಂತಿ. ಅಲ್ಲಿಂದ ಗಜನಿಗೋ ಕಾಬೂಲ್‌ಗೋ ಹೋಗಬೇಕೆಂದರೆ ಕರಾಬಾಗ್ ದಾಟಬೇಕು, ಅಲ್ಲಿ ತಾಲಿಬಾನ್‌ನವರು ಗಾಡಿ ನಿಲ್ಲಿಸಿ, ಮುಖ ನೋಡಿ, ಹಜಾರಾಗಳನ್ನು ಇಳಿಸುತ್ತಿದ್ದರು. ಬಟ್ಟೆ ತರಲು ಹೋಗುವಾಗ ಇವರ ಗಾಡಿಯನ್ನೂ ನಿಲ್ಲಿಸಿದರು. ಅಲ್ಲಿ ಏನಾಯಿತು ಅನ್ನುವುದನ್ನು ಅವರು ಒಂದೇ ಒಂದು ಸಲ ಹೇಳಿದ್ದಾರೆ, ನಾನದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಮತ್ತೆ ಕ್ವೆಟ್ಟಾ, ಕರಾಚಿ, ಮಲೇಷ್ಯಾ, ಅಲ್ಲಿಂದ ರಾತ್ರಿ ದೋಣಿಯಲ್ಲಿ ಸುಮಾತ್ರಾ, ಬಸ್ಸಿನಲ್ಲಿ ಜಕಾರ್ತಾ.

ಇದೆಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಬೇಕು. ಕಷ್ಟ ಇದ್ದದ್ದೇ ಅಲ್ಲಿ. ಅಫ್ಘಾನಿಸ್ತಾನದವರ ಲೆಕ್ಕ ಬೇರೆ. ಅವರ ವರ್ಷ ಶುರುವಾಗುವುದು ಮಾರ್ಚ್ 21ರ ಸುಮಾರಿಗೆ. 2014ರ ಮಾರ್ಚ್‌ನಲ್ಲಿ ಅವರಿಗೆ 1393 ಹುಟ್ಟಿತು. ತಸ್ಕಿರಾ ಅಂತ ಅವರ ಗುರುತಿನ ಕಾಗದ ಇರುತ್ತದೆ, ಅದರಲ್ಲಿ ಎಷ್ಟೋ ಜನರಿಗೆ ಹುಟ್ಟಿದ ದಿನವೇ ಇರುವುದಿಲ್ಲ, ಇಂಥ ವರ್ಷದಲ್ಲಿ ನೋಡಲು ಇಷ್ಟು ವಯಸ್ಸಿನವನಂತೆ ಇದ್ದಾನೆ ಅಂತ ಬರೆದಿರುತ್ತಾರೆ. ಅದನ್ನು ನಮ್ಮ ಕ್ಯಾಲೆಂಡರಿಗೆ ಬದಲಿಸುವಾಗ ತಿಂಗಳು, ದಿನ ಎಲ್ಲಿಂದ ತರುವುದು? ಜನವರಿ 1 ಅಂತ ಹಾಕಿಬಿಡುತ್ತಾರೆ. ನನ್ನ ಕ್ಲಾಸಿನಲ್ಲಿ ಜನವರಿ 1ರಂದು ಹುಟ್ಟಿದವರು ಎಷ್ಟು ಜನ ಇದ್ದರು ಅಂತೀರಿ!

ಯಾರೋ ನನಗೆ ಸುಲಭದ ಲೆಕ್ಕ ಹೇಳಿಕೊಟ್ಟಿದ್ದರು. ಅವರ ವರ್ಷಕ್ಕೆ 621 ಸೇರಿಸು, ನಮ್ಮ ವರ್ಷ ಬರುತ್ತದೆ. ಅದನ್ನೇ ಹಿಡಿದು ಕೂತೆ. ತಮ್ಮ ಹೋದದ್ದು ಯಾವಾಗ ಅಂತ ಕೇಳಿದಾಗ ಅವರು "1391, ಜದಿ ತಿಂಗಳು, ಇಪ್ಪತ್ತರ ಆಚೆ" ಅಂದರು. ಜದಿ ಅಂದರೆ ಜನವರಿ ಬರುವ ತಿಂಗಳು ಅಂತ ಗೊತ್ತಿತ್ತು. 1391ಕ್ಕೆ 621 ಸೇರಿಸಿದೆ. 2012ರ ಜನವರಿ ಅಂತ ಬರೆದೆ. ಉರ್ದುವಿನಲ್ಲಿ ಎಲ್ಲ ಓದಿ ಹೇಳಿದೆ, ಅವರು ತಲೆಯಾಡಿಸಿದರು. ಇಂಗ್ಲಿಷ್ ವರ್ಷ ಅವರಿಗೆ ಅಭ್ಯಾಸ ಇಲ್ಲ, ನಾನು ಹೇಳಿದ ಮೇಲೆ ಸರಿಯೇ ಇರುತ್ತದೆ ಅಂದುಕೊಂಡರು. ಹೇಳಿಕೆ ಕಚೇರಿಗೆ ಹೋಯಿತು. ಇಂಟರ್‌ವ್ಯೂಗೆ ಒಂಬತ್ತು ದಿನ ಬಾಕಿ.

ಅದೇ ವಾರದ ಮಂಗಳವಾರ ಕ್ಲಾಸಿನಲ್ಲಿ ತಿಂಗಳುಗಳ ಪಾಠ. ಜನವರಿ, ಫೆಬ್ರವರಿ ಅಂತ ಹೇಳಿಕೊಟ್ಟು, ಈಗ ನಿಮ್ಮ ತಿಂಗಳು ನನಗೆ ಹೇಳಿಕೊಡಿ ಅಂದೆ. ಮಕ್ಕಳಿಗೆ ಖುಷಿ. ಹಮಲ್, ಸೌರ್, ಜೌಜಾ, ಸರತಾನ್, ಅಸದ್ ಅಂತ ಒಂದೇ ಸಮ ಕೂಗಿದರು. ಹಮಲ್ ಅಂದರೇನು ಅಂತ ಕೇಳಿದೆ. ಒಬ್ಬ ಹುಡುಗ ಎದ್ದು ನಿಂತು ಕುರಿಮರಿಯ ಹಾಗೆ ಕೂಗಿದ. ಸೌರ್‌ಗೆ ಕೈಯಲ್ಲಿ ಕೋಡು ಮಾಡಿ ತೋರಿಸಿದ. ಅಸದ್ ಸಿಂಹ. ಅಕ್ರಬ್ ಚೇಳು. ಹೂತ್ ಮೀನು. ನನಗೆ ಮೈ ಜುಮ್ಮೆಂದಿತು. ಇವು ನಮ್ಮ ರಾಶಿಗಳೇ ಅಲ್ವಾ! ಮೇಷ, ವೃಷಭ, ಮಿಥುನ, ಕರ್ಕಾಟಕ, ಸಿಂಹ, ಅದೇ ಸಾಲು, ಅದೇ ಕ್ರಮ. ಜದಿ ಅಂದರೆ ಮಕರ. ನಾನೂ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದು ತೋರಿಸಿದೆ, ಅವರು ಆ ಅಕ್ಷರಗಳನ್ನು ನೋಡಿ ನಕ್ಕರು. ಅಲ್ಲಿ ಕಳೆದ ದಿನಗಳಲ್ಲಿ ನನಗೆ ತುಂಬಾ ಇಷ್ಟವಾದ ಅರ್ಧ ಗಂಟೆ ಅದು.

ಆಮೇಲೆ ಆ ದರ್ಜಿಯವರ ಮಗಳು ಬೋರ್ಡಿನ ಹತ್ತಿರ ಬಂದು, ಎರಡು ಕ್ಯಾಲೆಂಡರನ್ನು ಮೇಲೆ ಕೆಳಗೆ ಎರಡು ಪಟ್ಟಿ ಮಾಡಿ ಎಳೆದಳು. ಮೇಲಿನ ಪಟ್ಟಿಯಲ್ಲಿ ಜದಿಯ ನಡುವೆ ಒಂದು ಗೆರೆ ಹಾಕಿದಳು. "ಖಾಲಾ, ನೋಡಿ, ಜದಿಯ ಹತ್ತು ದಿನ ಕಳೆದ ಮೇಲೆ ನಿಮ್ಮ ವರ್ಷ ಬದಲಾಗುತ್ತೆ, ನಮ್ಮದು ಬದಲಾಗೋದಿಲ್ಲ. ಇಲ್ಲಿವರೆಗೆ 621. ಇಲ್ಲಿಂದ ಹಮಲ್‌ವರೆಗೆ 622." ಅವಳಿಗೆ ಅದು ಬರೀ ಲೆಕ್ಕ. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು. ಜದಿ ಇಪ್ಪತ್ತರ ಆಚೆ. 622 ಸೇರಿಸಬೇಕಿತ್ತು. 2013.

ಮನೆಗೆ ಹೋಗುವ ದಾರಿಯಲ್ಲೇ ಫೋನಿನಲ್ಲಿ ಹುಡುಕಿದೆ. ಅಲಮ್ದಾರ್ ರಸ್ತೆಯ ಸ್ಫೋಟ ಆದದ್ದು 2013ರ ಜನವರಿ 10. ಜಗತ್ತಿನ ಎಲ್ಲ ಪತ್ರಿಕೆಗಳಲ್ಲಿ ಬಂದ ಸುದ್ದಿ. ಒಂದು ನಿಮಿಷ ಹುಡುಕಿದ್ದರೆ ನನಗೆ ಮೊದಲೇ ಸಿಗುತ್ತಿತ್ತು. ಈಗ ಕಚೇರಿಯಲ್ಲಿರುವ ಕಾಗದದಲ್ಲಿ, ಎಲ್ಲರಿಗೂ ಗೊತ್ತಿರುವ ಘಟನೆಯೊಂದು ಒಂದು ವರ್ಷ ಮೊದಲೇ ನಡೆದುಬಿಟ್ಟಿದೆ. ಅಷ್ಟೇ ಅಲ್ಲ, ತಮ್ಮ ಸತ್ತ ಮೇಲೆ ಎರಡೇ ತಿಂಗಳಿಗೆ ಊರು ಬಿಟ್ಟವರು, ಹದಿನಾಲ್ಕು ತಿಂಗಳು ಅಲ್ಲೇ ಆರಾಮವಾಗಿ ಇದ್ದ ಹಾಗೆ ಕಾಣುತ್ತದೆ. ಅಷ್ಟು ದಿನ ಇರಲು ಆಗಿದ್ದರೆ ಅಪಾಯ ಎಲ್ಲಿತ್ತು ಅಂತ ಯಾರು ಬೇಕಾದರೂ ಕೇಳಬಹುದು. ತಪ್ಪು ಮಾಡಿದ್ದು ನಾನು. ಅದರ ಬೆಲೆ ಕೊಡಬೇಕಾಗಿದ್ದದ್ದು ಅವರು, ಹೆಂಡತಿ, ಮೂರು ಮಕ್ಕಳು.

ವಕೀಲೆಗೆ ಫೋನ್ ಮಾಡಿದೆ. ಅಳು ಬಂದುಬಿಟ್ಟಿತ್ತು. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಇವತ್ತು ರಾತ್ರಿಯೇ ತಿದ್ದುಪಡಿ ಪತ್ರ ಬರಿ. ತಪ್ಪು ಯಾರದ್ದು, ಹೇಗಾಯಿತು, ಸರಿಯಾದ ತಾರೀಖು ಯಾವುದು, ಎರಡೂ ಕ್ಯಾಲೆಂಡರಿನಲ್ಲಿ. ಅವರು ಕಂಡುಹಿಡಿಯುವ ಮೊದಲು ನಾವೇ ಹೇಳಬೇಕು." ಅಷ್ಟೇ ಹೇಳಿದರು. ಬರೆದೆ. ಹೇಳಿಕೆಯಲ್ಲಿದ್ದ ಮಿಕ್ಕ ಹನ್ನೊಂದು ತಾರೀಖುಗಳನ್ನೂ ಮತ್ತೆ ಲೆಕ್ಕ ಹಾಕಿದೆ. ಇನ್ನೊಂದು ಸಿಕ್ಕಿತು, ಜದಿಯ ಮುಂದಿನ ದಲ್ವ್ ತಿಂಗಳದ್ದು, ಅದೂ ಒಂದು ವರ್ಷ ಹಿಂದೆ. ಅದನ್ನೂ ಸೇರಿಸಿದೆ.

ಮರುದಿನ ಅವರ ಮನೆಗೆ ಹೋಗಿ ಹೇಳುವುದು ಫೋನಿಗಿಂತ ಕಷ್ಟವಾಯಿತು. ಅವರು ಕೇಳಿಸಿಕೊಂಡು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಖ್ವಾಹರ್, ವರ್ಷ ನನಗೂ ತಿಳಿಯುವುದಿಲ್ಲ. ಆವತ್ತು ಚಳಿ ಇತ್ತು, ಕತ್ತಲಾಗಿತ್ತು, ಅಂಗಡಿ ಬಾಗಿಲು ನಾನು ಹಾಕುತ್ತೇನೆ ನೀನು ಹೋಗು ಅಂತ ಅವನಿಗೆ ನಾನೇ ಹೇಳಿದ್ದೆ. ಇಷ್ಟು ಗೊತ್ತು" ಅಂದರು. ಐದು ಸಲ ಕೂತಾಗಲೂ ಈ ಮಾತು ಬಂದಿರಲಿಲ್ಲ. ಇದನ್ನು ಸೇರಿಸಬೇಕಾ ಅಂತ ಕೇಳಿದೆ. ಬೇಡ ಅಂದರು. ಸೇರಿಸಲಿಲ್ಲ.

ಇಂಟರ್‌ವ್ಯೂ ದಿನ ಬೆಳಗಿನ ಜಾವ ಮೂರಕ್ಕೇ ಹೊರಟರು, ಬೆಳಿಗ್ಗೆ ಜಕಾರ್ತಾದ ಟ್ರಾಫಿಕ್ ನಂಬುವ ಹಾಗಿಲ್ಲ. ಮೂಲ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹೊಟ್ಟೆಗೆ ಕಟ್ಟಿಕೊಂಡಿದ್ದರು, ಮಳೆಗೆ ನೆನೆಯಬಾರದಲ್ಲ. ನಾನು ಒಳಗೆ ಹೋಗುವ ಹಾಗಿಲ್ಲ. ಹೋಗುವ ಮೊದಲು ಹೇಳಬೇಕಾದ್ದು ನಾಲ್ಕೇ ಮಾತು. ದುಭಾಷಿಯ ಮಾತು ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನಿ, ಯಾಕೆಂದರೆ ಹಜಾರಾಗಳು ಆಡುವ ಹಜಾರಗಿಗೂ ಇರಾನಿನ ಫಾರ್ಸಿಗೂ ವ್ಯತ್ಯಾಸ ಇದೆ, ನಾಚಿಕೊಂಡು ತಲೆಯಾಡಿಸಿದರೆ ಅದೇ ದಾಖಲೆಗೆ ಹೋಗುತ್ತದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಸುಸ್ತಾದರೆ ಸ್ವಲ್ಪ ಹೊತ್ತು ಬಿಡುವು ಕೇಳಿ. ತಾರೀಖಿನ ತಪ್ಪನ್ನು ನೀವೇ ಮೊದಲು ಎತ್ತಿ. ಹೆಂಡತಿಗೆ ಹೆಂಗಸು ದುಭಾಷಿ ಬೇಕು ಅಂತ ಮೊದಲೇ ಕೇಳಿಕೊಂಡಿದ್ದೆವು, ಸಿಕ್ಕಿತು. ಐದು ಗಂಟೆ ಆದ ಮೇಲೆ ಹೊರಗೆ ಬಂದರು. ತಾರೀಖಿನ ವಿಷಯ ಹೇಳಿದ ಕೂಡಲೇ ಅಧಿಕಾರಿ, ಪತ್ರ ಬಂದಿದೆ, ಓದಿದ್ದೇನೆ ಅಂದರಂತೆ. ಅಷ್ಟೇ, ಮುಂದಿನ ಪ್ರಶ್ನೆಗೆ ಹೋದರಂತೆ.

ಏಳು ತಿಂಗಳ ಮೇಲೆ ಉತ್ತರ ಬಂತು. ನಿರಾಶ್ರಿತರು ಅಂತ ಒಪ್ಪಿಕೊಂಡಿದ್ದಾರೆ. ಅವತ್ತು ಅವರ ಹೆಂಡತಿ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡು ನಿಂತದ್ದು ನೆನಪಿದೆ.

ಈಗ ಇನ್ನೊಬ್ಬನ ಬಗ್ಗೆ ಹೇಳಬೇಕು. ಅದೇ ಸಮಯದಲ್ಲಿ ಇಪ್ಪತ್ತೊಂದು ವರ್ಷದ ಒಬ್ಬ ಹುಡುಗ ನನ್ನ ದೊಡ್ಡವರ ಕ್ಲಾಸಿಗೆ ಬರುತ್ತಿದ್ದ. ಒಬ್ಬನೇ ಬಂದವನು, ಜೊತೆಗೆ ಯಾರೂ ಇಲ್ಲ. ಅವನ ಇಂಟರ್‌ವ್ಯೂ ಮುಗಿದ ದಿನ ಅವನು ಹೆದರಿ ಕೂತಿದ್ದ, ಅವನನ್ನು ನೋಡಲಾಗದೆ ನಾನು "ನಿನಗೆ ಖಂಡಿತ ಸಿಗುತ್ತೆ, ಯೋಚನೆ ಮಾಡಬೇಡ" ಅಂದೆ. ಅವನ ಕಡತವನ್ನು ನಾನು ನೋಡಿರಲಿಲ್ಲ. ಯಾವ ಆಧಾರದ ಮೇಲೆ ಹಾಗಂದೆ? ಅವನಿಗೆ ಸಿಗಲಿಲ್ಲ. ತಿರಸ್ಕಾರದ ಪತ್ರ ಬಂದ ಮೇಲೆ ಮೇಲ್ಮನವಿಗೆ 30 ದಿನ. ವಕೀಲೆ, ನಾನು, ಅವನು ಕೂತು ಬರೆದೆವು. ಮರುವರ್ಷ ಅದೂ ಹೋಯಿತು. ಕಡತ ಮುಚ್ಚಿತು. ಕಾರ್ಡು ಹೋಯಿತು. ಕ್ಲಾಸಿಗೆ ಬರುವುದನ್ನು ನಿಲ್ಲಿಸುವ ಮೊದಲು ಒಂದು ದಿನ ಅವನು ನನ್ನನ್ನು ಕೇಳಿದ, ತುಂಬಾ ಮೆತ್ತಗೆ, ಸಿಟ್ಟಿಲ್ಲದೆ: "ಟೀಚರ್, ಆವತ್ತು ನಿಮಗೆ ಹೇಗೆ ಗೊತ್ತಿತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಈಗ ಎಲ್ಲಿದ್ದಾನೆ ಅಂತ ಗೊತ್ತಿಲ್ಲ. ತಾರೀಖಿನ ತಪ್ಪನ್ನು ಒಂದು ಪತ್ರದಿಂದ ತಿದ್ದಲು ಆಯಿತು. ಈ ತಪ್ಪಿಗೆ ಯಾವ ಪತ್ರ ಬರೆಯುವುದು? ಆಮೇಲೆ ಯಾರಿಗೂ ನಾನು "ಆಗುತ್ತೆ" ಅಂತ ಹೇಳಿಲ್ಲ. "ನಾನು ಗುರುವಾರ ಬರ್ತೀನಿ" ಅಂತ ಹೇಳುತ್ತೇನೆ, ಗುರುವಾರ ಹೋಗುತ್ತೇನೆ. ನನ್ನ ಕೈಯಲ್ಲಿ ಇರುವುದು ಅಷ್ಟೇ.

ಹೊಸಬರಿಗೆ ಇದು ಅರ್ಥವಾಗುವುದು ಕಷ್ಟ, ನನಗೂ ಆಗಿತ್ತು. ನಿರಾಶ್ರಿತ ಅಂತ ಒಪ್ಪಿಕೊಂಡ ಮೇಲೂ ಬೇರೆ ದೇಶಕ್ಕೆ ಕಳಿಸುತ್ತಾರೆ ಅಂತ ಏನೂ ಇಲ್ಲ. ಆಗ ಇಂಡೋನೇಷ್ಯಾದಲ್ಲಿ ಸುಮಾರು 14,000 ಜನ ಇದ್ದರು, ಅರ್ಧಕ್ಕಿಂತ ಜಾಸ್ತಿ ಅಫ್ಘಾನಿಸ್ತಾನದವರು. ವರ್ಷಕ್ಕೆ ಹೊರಗೆ ಹೋಗುತ್ತಿದ್ದದ್ದು ಕೆಲವು ನೂರು. ಅಮೆರಿಕ ತಾನು ಕರೆಸಿಕೊಳ್ಳುವ ಮಿತಿಯನ್ನು 2017ರಲ್ಲಿ 1,10,000ದಿಂದ 50,000ಕ್ಕೆ ಇಳಿಸಿತು, ಮರುವರ್ಷ 45,000, ಅದರ ಮರುವರ್ಷ 30,000. ಇದು ಇಡೀ ಜಗತ್ತಿಗೆ. ಆಸ್ಟ್ರೇಲಿಯಾದ ಬಾಗಿಲು ಮೊದಲೇ ಮುಚ್ಚಿತ್ತು. ನಿಮ್ಮಲ್ಲಿ ಹೆಚ್ಚಿನವರು ಎಲ್ಲಿಗೂ ಹೋಗಲಾರಿರಿ ಅನ್ನುವ ಮಾತು ಆಗಲೇ ಚಿಸರುವಾದ ಓಣಿಗಳಿಗೂ ಬಂತು. ಅವತ್ತಿನ ಕ್ಲಾಸಿನಲ್ಲಿ ಯಾರೂ ಪುಸ್ತಕ ತೆಗೆಯಲಿಲ್ಲ. ಕಾಯುತ್ತಾ ಕಾಯುತ್ತಾ ತಮ್ಮ ಜೀವ ತಾವೇ ಕಳೆದುಕೊಂಡವರು ಆ ದೇಶದಲ್ಲಿ ಒಬ್ಬಿಬ್ಬರಲ್ಲ.

2018ರ ಮಾರ್ಚ್‌ನಲ್ಲಿ ಇನ್ನೊಂದು ಪೆಟ್ಟು. ಇಂಡೋನೇಷ್ಯಾದಲ್ಲಿ ನಿರಾಶ್ರಿತರ ಊಟ, ವಸತಿಗೆ ಐಒಎಂ, ಅಂದರೆ ಅಂತರರಾಷ್ಟ್ರೀಯ ವಲಸೆ ಸಂಸ್ಥೆಯ ಮೂಲಕ ಹಣ ಕೊಡುತ್ತಿದ್ದದ್ದು ಆಸ್ಟ್ರೇಲಿಯಾ. ಹೊಸದಾಗಿ ಯಾರನ್ನೂ ಆ ನೆರವಿಗೆ ಸೇರಿಸಿಕೊಳ್ಳುವುದಿಲ್ಲ ಅಂತ ಆಯಿತು. ಕೈಯಲ್ಲಿದ್ದದ್ದು ಖಾಲಿಯಾದವರು ಏನು ಮಾಡಬೇಕು? ಜಕಾರ್ತಾದ ಕಾಲಿದೆರೆಸ್‌ನಲ್ಲಿ ವಲಸೆ ಬಂಧನ ಕೇಂದ್ರದ ಗೋಡೆ ಪಕ್ಕ, ನಮ್ಮನ್ನು ಒಳಗಾದರೂ ಹಾಕಿಕೊಳ್ಳಿ ಅಂತ ಜನ ಮಲಗುತ್ತಿದ್ದರು. 2019ರ ಜುಲೈನಲ್ಲಿ ಯುಎನ್‌ಎಚ್‌ಸಿಆರ್ ಕಚೇರಿ ಇದ್ದ ಕೆಬೊನ್ ಸಿರಿಹ್ ರಸ್ತೆಯ ಫುಟ್‌ಪಾತ್ ತುಂಬಾ ಜನ. ಹಸುಗೂಸುಗಳೂ ಇದ್ದವು. ನಾವು ನೀರು, ಡೈಪರ್, ಓಆರ್‌ಎಸ್ ಪೊಟ್ಟಣ ಹೊತ್ತುಕೊಂಡು ಹೋಗುತ್ತಿದ್ದೆವು. ನಾವು ಹೋಗುವ ಹೊತ್ತಿಗೆ ಅಲ್ಲಿ ಆಗಲೇ ಜಕಾರ್ತಾದ ಸಾಮಾನ್ಯ ಜನ ನಾಸಿ ಬುಂಗ್ಕುಸ್, ಅಂದರೆ ಕಾಗದದಲ್ಲಿ ಕಟ್ಟಿದ ಅನ್ನದ ಪೊಟ್ಟಣ, ಹಂಚುತ್ತಿದ್ದರು. ಬೈಕಿನಲ್ಲಿ ಬಂದವರು ಪೊಟ್ಟಣ ಕೊಟ್ಟು ಹೆಸರೂ ಹೇಳದೆ ಹೋಗಿಬಿಡುತ್ತಿದ್ದರು. ಆಮೇಲೆ ಸಾವಿರಕ್ಕೂ ಹೆಚ್ಚು ಜನರನ್ನು ಕಾಲಿದೆರೆಸ್‌ನ ಹಳೆಯ ಸೇನಾ ಕಟ್ಟಡವೊಂದಕ್ಕೆ ಸಾಗಿಸಿದರು. ಅಲ್ಲಿನ ಅಕ್ಕಪಕ್ಕದವರು ಬೇಡ ಅಂತ ಬ್ಯಾನರ್ ಕಟ್ಟಿದರು. ಒಂದೇ ಊರಿನಲ್ಲಿ ಎರಡೂ ಇತ್ತು.

ಯಾರಾದರೂ ಇಂಥ ಕಡೆ ಹೋಗುವುದಾದರೆ, ದಯವಿಟ್ಟು ಮಕ್ಕಳ ಫೋಟೊ ಹಾಕಬೇಡಿ. ಒಂದು ಮುಖ, ಒಂದು ಓಣಿಯ ಹೆಸರು ಸಾಕು, ಊರಲ್ಲಿರುವ ಅಜ್ಜಿ-ತಾತನಿಗೆ ತೊಂದರೆ. ನನ್ನ ಜೊತೆ ಬಂದ ಒಬ್ಬರು ಹೀಗೆ ಹಾಕಿದರು, ತೆಗೆಸುವಷ್ಟರಲ್ಲಿ ಅದು ಎಲ್ಲೆಲ್ಲೋ ಹೋಗಿತ್ತು. ಮತ್ತೆ, ತಿಂಗಳಿಗೊಮ್ಮೆ ದೊಡ್ಡದಾಗಿ ಏನೋ ಮಾಡುವುದಕ್ಕಿಂತ ವಾರಕ್ಕೊಮ್ಮೆ ಅದೇ ದಿನ ಅದೇ ಹೊತ್ತಿಗೆ ಹೋಗಿ. ಯಾವುದೂ ನಿಶ್ಚಿತ ಇಲ್ಲದವರಿಗೆ ನಿಶ್ಚಿತವಾದ ಒಂದು ಮಂಗಳವಾರ ಎಷ್ಟು ದೊಡ್ಡದು ಅಂತ ಅಲ್ಲಿ ಇದ್ದು ನೋಡಿದರೇ ತಿಳಿಯುವುದು.

2019ರ ಡಿಸೆಂಬರ್‌ನಲ್ಲಿ ನಾವು ಜಕಾರ್ತಾ ಬಿಟ್ಟೆವು. ಅವರು ಅಲ್ಲೇ ಉಳಿದರು. ನಾನು ಹೋಗುವ ವಿಷಯವನ್ನು ಹೇಳಲು ನಾಲ್ಕು ವಾರ ತಡ ಮಾಡಿದೆ, ಬಾಯಿ ಬರಲಿಲ್ಲ. ಬರಬೇಕಾದರೆ ವೀಸಾ ಹಾಕಿಸಿಕೊಂಡು ಬಂದವಳು, ಟಿಕೆಟ್ ತೆಗೆದುಕೊಂಡು ಹೊರಟೆ. ದರ್ಜಿಯವರು ನನಗೊಂದು ಕುರ್ತಾ ಹೊಲಿದು ಕೊಟ್ಟರು. ಅಳತೆ ತೆಗೆದುಕೊಂಡಿರಲಿಲ್ಲ, ನೋಡಿಯೇ ಹೊಲಿದದ್ದು, ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲ.

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲ್ ಹಿಡಿದ ದಿನ ಅವರಿಗೆ ಫೋನ್ ಮಾಡಿದೆ. ಇನ್ನು ವಾಪಸ್ ಹೋಗುವ ಮಾತು ಮುಗಿಯಿತು ಅಂದರು. ಆಮೇಲೆ ಕೆನಡಾದಲ್ಲಿರುವ ನಮ್ಮ ಹಳೆಯ ಗೆಳತಿಯೊಬ್ಬಳು, ಅವಳೂ ಚಿಸರುವಾದಲ್ಲಿ ಪಾಠ ಮಾಡಿದವಳು, ನಾಲ್ಕು ಜನರನ್ನು ಸೇರಿಸಿಕೊಂಡಳು. ಆಗ ಅಲ್ಲಿ ಐದು ಜನ ಒಟ್ಟಾಗಿ ಒಂದು ನಿರಾಶ್ರಿತ ಕುಟುಂಬವನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದಿತ್ತು. ಒಂದು ವರ್ಷದ ಖರ್ಚು, ಮನೆ, ಶಾಲೆ ಎಲ್ಲದರ ಹೊಣೆ ಆ ಐವರದ್ದು. ನಿರಾಶ್ರಿತರು ಅಂತ ಒಪ್ಪಿಕೊಂಡ ಕಾಗದ ಬೇಕಿತ್ತು, ಅದು ಇತ್ತು. ಮಗಳು 22 ತುಂಬುವ ಮೊದಲು ಅರ್ಜಿ ಹೋದರೆ ಅಪ್ಪನ ಅರ್ಜಿಯಲ್ಲೇ ಅವಳೂ ಬರುತ್ತಾಳೆ.

ಅರ್ಜಿಯನ್ನು ತುಂಬಿದ್ದು ಅವಳೇ. ಅವಳು ಈಗ ಅದೇ ಶಾಲೆಯಲ್ಲಿ ಟೀಚರ್. ಹಿಂದಿನ ಹತ್ತು ವರ್ಷ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಅಂತ ಒಂದು ತಿಂಗಳೂ ಬಿಡದ ಹಾಗೆ ಬರೆಯಬೇಕು. ಅಪ್ಪನ ಸಾಲುಗಳಲ್ಲಿ 2014ರಿಂದ ಈಚೆಗೆ ಒಂದೇ ಉತ್ತರ: ಕೆಲಸ ಇಲ್ಲ. ಒಂದು ರಾತ್ರಿ ಆ ಹಾಳೆಯ ಫೋಟೊ ಕಳಿಸಿದಳು. ಕ್ವೆಟ್ಟಾದಿಂದ ಜಾಘೋರಿಗೆ ಹೋದದ್ದು, 1392, ಹಮಲ್. ಪಕ್ಕದಲ್ಲಿ 2013 ಮಾರ್ಚ್ ಅಂತ ಬರೆದಿದ್ದಳು. ಹಮಲ್ ಅಂದರೆ ವರ್ಷ ಶುರು, 621 ಸೇರಿಸಬೇಕು. ಕಾಗದದ ಮೇಲೆ ಎರಡು ಸಲ ಕೂಡಿಸಿದೆ. ಸರಿ ಇದೆ ಅಂತ ಬರೆದೆ.

"ಗೊತ್ತು ಖಾಲಾ," ಅಂತ ಉತ್ತರ ಬಂತು. "ಆದರೂ ನೀವು ಒಂದ್ಸಲ ನೋಡಿ ಅಂತ ಅಪ್ಪ ಹೇಳಿದರು."

1401ರ ಮಿಜಾನ್ ತಿಂಗಳಲ್ಲಿ, ಅಂದರೆ 2022ರ ಅಕ್ಟೋಬರ್‌ನಲ್ಲಿ, ಅರ್ಜಿ ಹೋಯಿತು. ಇನ್ನೂ ಉತ್ತರ ಬಂದಿಲ್ಲ.